ಎಡದಿಂದ ಮೂರನೆಯವನು

ನಮ್ಮ ಮೆಡಿಕಲ್ ಕಾಲೇಜಿನ ಮ್ಯಾಗಜಿನ್ ಕಮಿಟಿಯ ಹುಡುಗಿ ಲೇಖನ ಕೇಳಲು ಫೋನ್ ಮಾಡಿ "ಸರ್, ನಿಮ್ದು ಯಾವ ಬ್ಯಾಚ್?" ಅಂತ ಕೇಳಿದಳು. ಸುಲಭದ ಪ್ರಶ್ನೆ. ಆದರೂ ತಡವರಿಸಿದೆ. ಕಾಲೇಜು ಸೇರಿದ್ದು 2003ರಲ್ಲಿ. ಆದರೆ 2003ರ ಬ್ಯಾಚಿನ ಗ್ರೂಪ್ ಫೋಟೋದಲ್ಲಿ ನಾನಿಲ್ಲ. 2004ರದ್ದರಲ್ಲೂ ಇಲ್ಲ. "ಆಡ್ ಬ್ಯಾಚ್ ಕಣಮ್ಮ" ಅಂದೆ. "ಹಾಗಂದ್ರೆ ಸರ್?" ಅಂದಳು. ಅವಳಿಗೆ ಆ ಪದವೇ ಗೊತ್ತಿರಲಿಲ್ಲ. ಕೇಳಿ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನಾನು ಹಿರೇಕೆರೂರು ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಇತ್ತು, ರ್‍ಯಾಂಕೂ ಪರವಾಗಿರಲಿಲ್ಲ, ಸರ್ಕಾರಿ ಸೀಟು ಸಿಕ್ಕಿತು. ಅಪ್ಪನ ಕಿರಾಣಿ ಅಂಗಡಿಗೆ ಬಂದವರೆಲ್ಲ ಮರುದಿನದಿಂದಲೇ ನನ್ನನ್ನು "ಡಾಕ್ಟ್ರ" ಅಂತ ಕರೆಯತೊಡಗಿದರು. ಮೊಣಕಾಲು ತೋರಿಸಿ "ಇದಕ್ಕ ಯಾವ ಗುಳಿಗಿ ಛಲೋ?" ಅಂತ ಕೇಳುವವರೂ ಇದ್ದರು. ನಾನಿನ್ನೂ ಹಾಸ್ಟೆಲಿಗೆ ಟ್ರಂಕ್ ಕೂಡ ಸಾಗಿಸಿರಲಿಲ್ಲ.

ಮೊದಲ ವರ್ಷ ಮೂರೇ ವಿಷಯ: ಮೈಯ ರಚನೆ ಹೇಳುವ ಅನಾಟಮಿ, ಅದು ಕೆಲಸ ಮಾಡುವ ರೀತಿ ಹೇಳುವ ಫಿಸಿಯಾಲಜಿ, ಅದರೊಳಗಿನ ರಸಾಯನ ಹೇಳುವ ಬಯೋಕೆಮಿಸ್ಟ್ರಿ. ಹಿಂದೆ ಇವಕ್ಕೆ ಒಂದೂವರೆ ವರ್ಷ ಇತ್ತಂತೆ. 1997ರ ನಿಯಮ ಬಂದ ಮೇಲೆ ಒಂದೇ ವರ್ಷ. ವಿಷಯ ಮಾತ್ರ ಒಂದಿಂಚೂ ಕಡಿಮೆಯಾಗಿರಲಿಲ್ಲ.

ಸೇರಿದ ವಾರದಲ್ಲೇ ಸೀನಿಯರ್ ಒಬ್ಬರು ಹಾಫ್ ಸೆಟ್ ಮಾರಿದರು. ಹಾಫ್ ಸೆಟ್ ಅಂದರೆ ಅರ್ಧ ಅಸ್ಥಿಪಂಜರ. ತಲೆಬುರುಡೆ, ಕೆಲವು ಬೆನ್ನೆಲುಬು, ಆಮೇಲೆ ಕೈಕಾಲಿನ ಎಲುಬು ಒಂದೇ ಕಡೆಯವು. ಅವರಿಗೆ ಅವರ ಸೀನಿಯರ್ ಕೊಟ್ಟಿದ್ದು, ಆ ಸೀನಿಯರಿಗೆ ಇನ್ಯಾರೋ. ಎಲುಬಿನ ಮೇಲೆಲ್ಲ ಹಳೆಯ ಬಣ್ಣದ ಪೆನ್ಸಿಲ್ ಗುರುತು, ಸ್ನಾಯು ಹುಟ್ಟುವ ಕಡೆ ಕೆಂಪು, ಸೇರುವ ಕಡೆ ನೀಲಿ. ದಸರಾ ರಜೆಗೆ ಅದನ್ನು ಊರಿಗೆ ಒಯ್ದೆ. ಅಜ್ಜಿ ಬಾಗಿಲಲ್ಲೇ ತಡೆದಳು. "ಯಾರ ಮನಿ ಹೆಣಾನೋ ಏನೋ, ಒಳಗ ತರಬ್ಯಾಡ." ರಜೆಯುದ್ದಕ್ಕೂ ಎಲುಬಿನ ಚೀಲ ದನದ ಕೊಟ್ಟಿಗೆಯ ಗೂಟಕ್ಕೆ ನೇತಾಡಿತು. ನಾನು ಅಲ್ಲೇ ಹೋಗಿ ಓದುತ್ತಿದ್ದೆ. ಎಮ್ಮೆ ನನ್ನನ್ನೇ ನೋಡುತ್ತಿತ್ತು.

ಒಂದು ತೊಂದರೆ ಆಗ ನನಗೆ ಹೊಳೆಯಲಿಲ್ಲ. ನನ್ನ ಸೆಟ್ಟಿನಲ್ಲಿದ್ದವೆಲ್ಲ ಬಲಗಡೆಯ ಎಲುಬು.

ಮೊದಲ ಇಂಟರ್ನಲ್ ವೈವಾ, ಅಂದರೆ ಕಾಲೇಜೇ ನಡೆಸುವ ಬಾಯಿಪರೀಕ್ಷೆ. ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನ ಪಕ್ಕದ ಕೋಣೆ. ಮೇಜಿನ ಮೇಲೆ ಸ್ಟೀಲ್ ತಟ್ಟೆ, ಅದರಲ್ಲಿ ಒಂದಷ್ಟು ಎಲುಬು. ನನ್ನ ಬೆರಳಿಗೆ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ, ಎಷ್ಟು ತೊಳೆದರೂ ಹೋಗದ್ದು. ಮೇಡಂ ಒಂದು ಕ್ಲಾವಿಕಲ್ ಕೈಗಿಟ್ಟರು. ಅದೇ, ಕತ್ತಿನ ಕೆಳಗಿನ ಕೊರಳೆಲುಬು. ಇದಕ್ಕೆ ನಾನು ತಯಾರಿದ್ದೆ. ಹೊಟ್ಟೆಯೊಳಗಿನ ಕೂಸಿನಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗಲು ಶುರುವಾಗುವ ಎಲುಬು ಇದು, ಮಲಗಿಸಿದ ಹಾಗೆ ಅಡ್ಡ ಇರುವ ಉದ್ದೆಲುಬು ಇದೊಂದೇ, ಎಲ್ಲ ಬಾಯಿಪಾಠ. ಮೇಡಂ ಅದನ್ನೆಲ್ಲ ಕೇಳಲೇ ಇಲ್ಲ.

"ಯಾವ ಸೈಡ್?"

"ರೈಟ್ ಮ್ಯಾಮ್."

"ನೋಡಿ ಹೇಳು."

ನೋಡಿದೆ. ದಪ್ಪ ತುದಿ ಎದೆಯ ಮಧ್ಯಕ್ಕೆ, ಚಪ್ಪಟೆ ತುದಿ ಭುಜಕ್ಕೆ. ಉಬ್ಬು ಮುಂದೆ. "ರೈಟ್ ಮ್ಯಾಮ್" ಅಂದೆ ಮತ್ತೆ. ಅವರು ಎಲುಬನ್ನು ತಗೊಂಡು ನನ್ನ ಬಲಗಡೆ ಕತ್ತಿನ ಕೆಳಗೆ ಇಟ್ಟರು. ಕೆಳಗಿರಬೇಕಾದ ಗೀರು ಮೇಲೆ ಬಂದು ಕೂತಿತ್ತು. ತಿರುಗಿಸಿ ಎಡಗಡೆ ಇಟ್ಟರು. ಸರಿಯಾಗಿ ಕೂತಿತು. "ನಿನ್ನ ಹತ್ರ ಹಾಫ್ ಸೆಟ್ ಇದೆಯಾ? ರೈಟ್‌ದಾ?" ಅಂತ ಕೇಳಿ ಜೋರಾಗಿ ನಕ್ಕರು. ಪ್ರತಿ ವರ್ಷ ಇಂಥವರು ನಾಲ್ಕು ಜನ ಸಿಗುತ್ತಾರಂತೆ. ಎಡಗಡೆಯ ಸೆಟ್ ಇರುವವರು ಎಲ್ಲದಕ್ಕೂ ಲೆಫ್ಟ್ ಅನ್ನುತ್ತಾರಂತೆ.

ಅವರು ಇನ್ನೊಂದು ಮಾತು ಹೇಳಿ ಕಳಿಸಿದರು. ನಮ್ಮ ವಿದ್ಯೆಯಲ್ಲಿ ಎಡ ಅಂದರೆ ಆ ಮೈಯ ಎಡ, ನೋಡುವವನ ಎಡ ಅಲ್ಲ. ಇಂಟರ್ನಲ್‌ನಲ್ಲಿ ಎಷ್ಟು ಅಂಕ ಬಂತು ಅಂತ ಈಗ ನೆನಪಿಲ್ಲ. ಇದು ನೆನಪಿದೆ.

ಆಗ ಇಂಟರ್ನಲ್ ಅಂಕಕ್ಕೆ ಅಂತಿಮ ಫಲಿತಾಂಶದಲ್ಲಿ ಐದನೇ ಒಂದು ಪಾಲು ತೂಕ ಇತ್ತು. ಅದರಲ್ಲಿ 35 ಪರ್ಸೆಂಟ್ ಆದರೂ ಇಲ್ಲದಿದ್ದರೆ ಯೂನಿವರ್ಸಿಟಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಪಾಸಾಗಲು ಥಿಯರಿಗೆ ಬೇರೆ 50, ಪ್ರಾಕ್ಟಿಕಲಿಗೆ ಬೇರೆ 50 ಬೇಕಿತ್ತು. ಒಂದರಲ್ಲಿ ಜಾಸ್ತಿ ತೆಗೆದು ಇನ್ನೊಂದಕ್ಕೆ ತೇಪೆ ಹಾಕುವ ಹಾಗಿರಲಿಲ್ಲ. 75 ದಾಟಿದರೆ ಡಿಸ್ಟಿಂಕ್ಷನ್. ಪಿಯುಸಿಯಲ್ಲಿ 90ರ ಮೇಲೆ ತೆಗೆದು ಬಂದ ಹುಡುಗರು 52 ಬಂತು ಅಂತ ಕ್ಯಾಂಟೀನಿನಲ್ಲಿ ಪಾರ್ಟಿ ಕೊಡುವುದನ್ನು ಅಲ್ಲೇ ನೋಡಿದ್ದು.

ಸ್ಪಾಟರ್ಸ್ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ ಬಗ್ಗೆ ಹೇಳದಿದ್ದರೆ ಆಗಲ್ಲ. ಸಾಲಾಗಿ ಮೇಜು, ಒಂದೊಂದರ ಮೇಲೂ ಒಂದು ತುಂಡು, ಅದಕ್ಕೊಂದು ಗುಂಡುಸೂಜಿ. ಗುಂಡುಸೂಜಿ ಚುಚ್ಚಿದ್ದು ಏನು ಅಂತ ಬರೆಯಬೇಕು. ಗಂಟೆ ಹೊಡೆದರೆ ಮುಂದಿನ ಮೇಜು. ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ನಡೀಬೇಕು. ನನ್ನ ಮುಂದಿನ ರೋಲ್ ನಂಬರಿನವನು ಗಾಬರಿಯಲ್ಲಿ ಸೂಜಿಯನ್ನೇ ಮುಟ್ಟಿ ಅಲ್ಲಾಡಿಸಿಬಿಟ್ಟ. ಅದು ನರದಿಂದ ಜಾರಿ ಪಕ್ಕದ ರಕ್ತನಾಳಕ್ಕೆ ಬಿತ್ತು. ಅವನಿಂದ ಆಚೆ ಬಂದವರೆಲ್ಲ ರಕ್ತನಾಳದ ಹೆಸರು ಬರೆದೆವು. ಹಾಲಿನ ಅಟೆಂಡರ್ ಅಣ್ಣ ಗಮನಿಸಿ ಸುಮ್ನೆ ಬಂದು ಸರಿಮಾಡಿ ಹೋದರು. ಅಷ್ಟರಲ್ಲಿ ಆರು ಜನ ದಾಟಿದ್ದೆವು.

ರಾಜೀವ್ ಗಾಂಧಿ ಆರೋಗ್ಯ ವಿವಿಯ ಪರೀಕ್ಷೆ ಬಂತು. ಲಾಂಗ್ ಎಸ್ಸೆಗೆ 10 ಅಂಕ, ಶಾರ್ಟ್ ಎಸ್ಸೆಗೆ 5, ಶಾರ್ಟ್ ಆನ್ಸರಿಗೆ 3. ಅನಾಟಮಿಯಲ್ಲಿ ಲಾಂಗ್ ಎಸ್ಸೆ ಬ್ರೇಕಿಯಲ್ ಪ್ಲೆಕ್ಸಸ್. ಕತ್ತಿನಿಂದ ಕೈಗೆ ಇಳಿಯುವ ನರಗಳ ಹೆಣಿಗೆ. ಐದು ಬೇರು, ಮೂರು ಕಾಂಡ, ಆರು ಕವಲು, ಮೂರು ಹುರಿ, ಆಮೇಲೆ ಕೊಂಬೆಗಳು. ಚಿತ್ರ ಬರೆದೆ, ಚೆನ್ನಾಗೇ ಬರೆದೆ. ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಿನಲ್ಲಿ ಇಪ್ಪತ್ತು ಸಲ ಬರೆದ ಚಿತ್ರ ಅದು. ಹೆಸರು ಬರೆಯುವಾಗ ಕೈ ನಿಂತಿತು. ಮೀಡಿಯಲ್ ಅಂದರೆ ಒಳಬದಿ ಎಲ್ಲಿ, ಲ್ಯಾಟರಲ್ ಅಂದರೆ ಹೊರಬದಿ ಎಲ್ಲಿ, ಎಲ್ಲ ಕಲಸಿಹೋಯಿತು. ವಿವರಣೆಗೆ ಇಂಗ್ಲಿಷ್ ವಾಕ್ಯ ಹುಟ್ಟಲಿಲ್ಲ. ಆ ಪ್ರಶ್ನೆಯಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೊನೆಯ ಎರಡು ಪುಟ ಖಾಲಿ ಬಿಟ್ಟು ಎದ್ದೆ.

ಫಲಿತಾಂಶ ನೋಡಿದ್ದು ಬ್ರೌಸಿಂಗ್ ಸೆಂಟರಿನಲ್ಲಿ, ಗಂಟೆಗೆ 20 ರೂಪಾಯಿ. ಪುಟ ತೆರೆದುಕೊಳ್ಳಲು ಅರ್ಧ ಗಂಟೆ. ಫಿಸಿಯಾಲಜಿ ಪಾಸ್, ಬಯೋಕೆಮಿಸ್ಟ್ರಿ ಪಾಸ್. ಅನಾಟಮಿ ಥಿಯರಿಯಲ್ಲಿ 46. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು. ಊರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಅಪ್ಪ "ಪಾಸಾತೇನೋ?" ಅಂದರು. "ಹೂಂ, ಎರಡು ಪಾಸು" ಅಂದೆ. "ಎಷ್ಟಕ್ಕ?" ಅಂದರು. ಬೂತಿನ ಮೀಟರ್ ಓಡುತ್ತಿತ್ತು. ಫೋನ್ ಇಟ್ಟುಬಿಟ್ಟೆ.

ಆಗಿನ ನಿಯಮದಲ್ಲಿ ಮೊದಲ ವರ್ಷದ ಮೂರೂ ಮುಗಿಯದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಮುಂದಿನ ಪರೀಕ್ಷೆ ಆರು ತಿಂಗಳ ಮೇಲೆ. ಅಲ್ಲಿಗೆ ನಮ್ಮದು ಬೇರೆಯೇ ಗುಂಪು, ಆಡ್ ಬ್ಯಾಚ್. ಹನ್ನೊಂದು ಜನ. ಕೊನೆವರೆಗೂ ಹಾಗೇ ಆರು ತಿಂಗಳು ಹಿಂದೆ. ಎಲ್ಲರ ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿಯಾದಾಗ ನಮ್ಮ ಪರೀಕ್ಷೆ. ಅವರಿಗೆ ಇಂಟರ್ನ್‌ಶಿಪ್ ಶುರುವಾದಾಗ ನಮಗೆ ಫೈನಲ್ ಓದು.

ಫೇಲಾಗಿದ್ದಕ್ಕಿಂತ ಕಷ್ಟವಾಗಿದ್ದು ಅದರ ಮರುವಾರ. ರೂಮ್‌ಮೇಟ್ ಹೊಸ ಸ್ಟೆತಸ್ಕೋಪ್ ಕತ್ತಿಗೆ ಹಾಕಿಕೊಂಡು ವಾರ್ಡಿಗೆ ಹೊರಟ. ಮುಜುಗರಪಟ್ಟು ಅದನ್ನು ತೆಗೆದು ಜೇಬಿಗಿಟ್ಟ, ಬಾಗಿಲು ದಾಟಿದ ಮೇಲೆ ಮತ್ತೆ ಹಾಕಿಕೊಂಡ. ಕಿಟಕಿಯಿಂದ ನೋಡಿದೆ. ನಾನು ಅದೇ ಕಲೆಬಿದ್ದ ಏಪ್ರನ್ ಹಾಕಿಕೊಂಡು ಅದೇ ಡಿಸೆಕ್ಷನ್ ಹಾಲಿಗೆ ಹೋದೆ. ಸಂಜೆ ಮೆಸ್ಸಿನಲ್ಲಿ ಅವರ ಮಾತೆಲ್ಲ ಪೇಶೆಂಟ್ ಬಗ್ಗೆ. ನಮ್ಮದು ಇನ್ನೂ ಎಲುಬು. ನಾಲ್ಕು ಅಂಕಕ್ಕೆ ಗೆಳೆಯರೇ ಬದಲಾಗಿಬಿಟ್ಟರು.

"ಮಾರ್ಕ್ಸ್ ಮುಖ್ಯ ಅಲ್ಲ, ಕಲಿಕೆ ಮುಖ್ಯ" ಅಂತ ವೇದಿಕೆ ಮೇಲೆ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಹೇಳುವವರು ಸಾಮಾನ್ಯವಾಗಿ ಡಿಸ್ಟಿಂಕ್ಷನ್ ತೆಗೆದವರು. ನನ್ನ ಲೆಕ್ಕ ಬೇರೆ. 50ರಿಂದ 80ರವರೆಗಿನ ಅಂಕಗಳಿಗೆ ಆಮೇಲೆ ಬೆಲೆ ಬಹಳ ಕಡಿಮೆ. ನನಗೆ ಪಿಜಿ ಸೀಟು ಸಿಕ್ಕಿದ್ದು ಪ್ರವೇಶ ಪರೀಕ್ಷೆಯ ರ್‍ಯಾಂಕಿನ ಮೇಲೆ. ಅನಾಟಮಿಯಲ್ಲಿ ಎಷ್ಟು ಬಂದಿತ್ತು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಆದರೆ 46ರಿಂದ 50ರ ನಡುವಿನ ಆ ನಾಲ್ಕು ಅಂಕ ಇದೆಯಲ್ಲ, ಅದಕ್ಕೆ ಆರು ತಿಂಗಳ ಬೆಲೆ. ಕೌನ್ಸೆಲಿಂಗಿನ ದಾಖಲೆ ಪರಿಶೀಲನೆಯಲ್ಲಿ ಯಾವ ವಿಷಯ ಎಷ್ಟನೇ ಸಲಕ್ಕೆ ಪಾಸು ಅಂತ ಹೇಳುವ ಅಟೆಂಪ್ಟ್ ಸರ್ಟಿಫಿಕೇಟ್ ಕೇಳಿದರು. ಎಲ್ಲ ವಿಷಯದ ಎದುರಿಗೂ 1, ಅನಾಟಮಿ ಎದುರಿಗೆ 2. ಗುಮಾಸ್ತರು ಅದರ ಮೇಲೆ ಒಂದು ಕ್ಷಣ ಪೆನ್ನು ನಿಲ್ಲಿಸಿ, ಟಿಕ್ ಹಾಕಿ, ಮುಂದಕ್ಕೆ ಹೋದರು. ಅಷ್ಟೇ.

ನಮ್ಮ ಬ್ಯಾಚಿನಲ್ಲಿ ಮೂರೂ ವಿಷಯಕ್ಕೆ ಡಿಸ್ಟಿಂಕ್ಷನ್ ತೆಗೆದ ಗೆಳತಿ ಅಮೆರಿಕಕ್ಕೆ ಹೋದಳು. ಅಲ್ಲಿ ಡಾಕ್ಟರಿಕೆಯ ಲೈಸೆನ್ಸಿಗೆ ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಮೊದಲ ಹಂತ ಸ್ಟೆಪ್ 1 ಅಂದರೆ ಹೆಚ್ಚುಕಮ್ಮಿ ನಮ್ಮ ಮೊದಲೆರಡು ವರ್ಷದ ಓದೇ. ಅವಳ ಕಾಲದಲ್ಲಿ ಅದಕ್ಕೆ ಮೂರಂಕಿಯ ಸ್ಕೋರ್ ಇತ್ತು. ಯಾವ ಆಸ್ಪತ್ರೆ, ಯಾವ ಸ್ಪೆಷಾಲಿಟಿ ಅನ್ನುವುದಕ್ಕೆ ಆ ಮೂರಂಕಿ ಬಹಳ ಲೆಕ್ಕಕ್ಕೆ ಬರುತ್ತಿತ್ತು. 2022ರ ಜನವರಿಯಿಂದ ಸ್ಕೋರ್ ತೆಗೆದು ಬರೀ ಪಾಸ್-ಫೇಲ್ ಮಾಡಿದರು. "ಹುಡುಗರು ಈಗ ಆರಾಮ ಅಲ್ವಾ?" ಅಂದೆ. "ಎಲ್ಲಿ ಆರಾಮ ಮಾರಾಯ, ಈಗ ಎಲ್ರೂ ಸ್ಟೆಪ್ 2ರ ಸ್ಕೋರ್ ಹಿಂದೆ ಬಿದ್ದಿದಾರೆ" ಅಂದಳು. ನೀರು ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಉಕ್ಕುತ್ತದೆ.

ಇಲ್ಲೂ ನಿಯಮ ಬದಲಾಗಿದೆ. 2019ರಲ್ಲಿ ಹೊಸ ಪಠ್ಯಕ್ರಮ ಬಂತು. ಆಗ ಮೊದಲಿಗೆ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಇಟ್ಟರು, ಭಾಷೆಯ ತೊಡಕಿರುವವರಿಗೆ ಅದರಲ್ಲೇ ಒಂದಿಷ್ಟು ಸಹಾಯ. ಫೇಲಾದವರಿಗೆ ಸಪ್ಲಿಮೆಂಟರಿ ಬೇಗ ಆಗುತ್ತದೆ, ಪಾಸಾದರೆ ತಮ್ಮ ಬ್ಯಾಚಿನ ಜೊತೆಗೇ ಮುಂದೆ ಹೋಗಬಹುದು. ಫೋನ್ ಮಾಡಿದ ಹುಡುಗಿಗೆ ಆಡ್ ಬ್ಯಾಚ್ ಅಂದರೆ ಗೊತ್ತಿಲ್ಲದಿರುವುದು ಅದಕ್ಕೇ. ನನ್ನ ಪ್ರಕಾರ ಈ ಇಪ್ಪತ್ತು ವರ್ಷದಲ್ಲಿ ಆದ ಒಳ್ಳೆ ಕೆಲಸಗಳಲ್ಲಿ ಅದೂ ಒಂದು.

ಆದರೂ ಆ ಆರು ತಿಂಗಳು ಪೂರ್ತಿ ವ್ಯರ್ಥ ಅಂತ ಹೇಳಲಾರೆ. ಹಾಲಿನಲ್ಲಿ ನಾವು ಹನ್ನೊಂದೇ ಜನ. ಒಂದು ಟೇಬಲಿಗೆ ಹನ್ನೆರಡು ತಲೆ ಬಾಗಿಸುತ್ತಿದ್ದ ಕಡೆ ಈಗ ಇಬ್ಬಿಬ್ಬರು. ಅಟೆಂಡರ್ ಅಣ್ಣ ಬೀಗದ ಕೈ ನಮಗೇ ಕೊಟ್ಟು ಚಹಾಕ್ಕೆ ಹೋಗುತ್ತಿದ್ದರು. ಅವರೇ ಒಂದು ದಿನ ಬಕೆಟ್ಟಿನಿಂದ ಹುಡುಕಿ ಎಡಗಡೆಯ ಕ್ಲಾವಿಕಲ್ ಕೊಟ್ಟು "ಜೋಡಿ ಇಟ್ಟು ನೋಡ್ರಿ" ಅಂದರು. ಎರಡನ್ನೂ ಎದೆಗೆ ಹಿಡಿದು ಕನ್ನಡಿ ಮುಂದೆ ನಿಂತೆ. ಅವತ್ತಿನಿಂದ ಸೈಡ್ ತಪ್ಪಲಿಲ್ಲ. ಎರಡನೇ ಸಲ ಥಿಯರಿಯಲ್ಲಿ 61 ಬಂತು.

ಈಗ ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರು. ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡವರು ವಾರಕ್ಕೆ ನಾಲ್ಕಾರು ಜನ ಬರುತ್ತಾರೆ. ಅವರಿಗೆ ಕೊರಳೆಲುಬಿನ ಮೇಲ್ಭಾಗದಲ್ಲಿ ಸೂಜಿ ಹಾಕಿ ಬ್ರೇಕಿಯಲ್ ಪ್ಲೆಕ್ಸಸ್ ಮರಗಟ್ಟಿಸುತ್ತೇನೆ. ಅಲ್ಟ್ರಾಸೌಂಡ್ ಪರದೆಯಲ್ಲಿ ರಕ್ತನಾಳದ ಪಕ್ಕ ಅದು ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ. ಅದರ ಕೆಳಗೇ ಶ್ವಾಸಕೋಶದ ಪೊರೆ, ಕೈ ಜಾರುವಂತಿಲ್ಲ. ಸೂಜಿ ಹಾಕುವ ಮೊದಲು ನಿಲ್ಲಿಸಿ, ಗುರುತು ನೋಡಿ, ಗಟ್ಟಿಯಾಗಿ ಸೈಡ್ ಹೇಳುವುದು ಪದ್ಧತಿ. ನಾನು ಪೇಶೆಂಟನ್ನೂ ಕೇಳುತ್ತೇನೆ. "ಯಾವ ಕೈ ಯಜಮಾನ್ರೇ?" ಮುರಿದ ಕೈ ಕಣ್ಣೆದುರಿಗೇ ಬ್ಯಾಂಡೇಜಿನಲ್ಲಿರುತ್ತದೆ. ಆದರೂ ಕೇಳುತ್ತೇನೆ. ಸಿಸ್ಟರ್‌ಗಳು ನಗುತ್ತಾರೆ.

ಹುಡುಗಿ ಲೇಖನದ ಜೊತೆ ಫೋಟೋನೂ ಬೇಕು ಅಂದಿದ್ದಳು. ಹುಡುಕಿ ಕಳಿಸಿದ್ದೇನೆ. ಕಾಲೇಜಿನ ಮೆಟ್ಟಿಲು, ಎರಡು ಸಾಲು, ಹನ್ನೊಂದು ಜನ. ಹಿಂದಿನ ಸಾಲಿನ ತುದಿಯಲ್ಲಿ ನಿಂತವರು ಅಟೆಂಡರ್ ಅಣ್ಣ, ನಾವೇ ಎಳೆದು ನಿಲ್ಲಿಸಿದ್ದು. ಮುಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು ನಾನು. ಎಡ ಅಂದರೆ ಇಲ್ಲಿ ನೋಡುವವರ ಎಡ. ಅನಾಟಮಿ ಮೇಡಂ ಓದಿದರೆ ಕ್ಷಮಿಸಲಿ.