ಅಡಿಕೆ ಕಣ, ಬೋರಿನ ಕೇಬಲ್, ನಾಲೆ ರಸ್ತೆ: ಊರ ಕಾವಲು ಕೆಲಸದ ನಾಲ್ಕು ತಿಂಗಳ ದಾಖಲೆ

ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ಊರಿನಲ್ಲಿ ಅಡಿಕೆ, ಬೋರಿನ ಕೇಬಲ್ ಕಳ್ಳತನ ತಡೆಯಲು ನಮ್ಮ ಗುಂಪು ಮಾಡುತ್ತಿರುವ ಕೆಲಸ ಇದು. ಕೊಯ್ಲಿಗೆ ಮುಂಚೆ ಶುರು ಮಾಡಿದ್ದೇವೆ, ಇನ್ನೂ ಮುಗಿದಿಲ್ಲ. ಏನು ಮಾಡಿದೆವು, ಎಲ್ಲಿ ತಪ್ಪಿತು, ತಪ್ಪಿದ್ದನ್ನು ಹೇಗೆ ಸರಿಪಡಿಸಿದೆವು ಎಂಬುದನ್ನು ಬೇರೆ ಊರಿನವರಿಗೂ ಬಳಕೆಗೆ ಬರುವಂತೆ ಬರೆದಿಡುತ್ತಿದ್ದೇವೆ.

ಮೊದಲ ಎರಡು ವಾರ: ನಡೆದು ನೋಡಿದ್ದು

ಊರನ್ನು ಎರಡು ಸಲ ಸುತ್ತಿದೆವು. ಒಂದು ಸಲ ಹಗಲು, ಇನ್ನೊಂದು ಸಲ ಅಮಾವಾಸ್ಯೆ ಹತ್ತಿರದ ರಾತ್ರಿ. ಎರಡೂ ಬೇಕು. ಹಗಲು ಕಾಣುವುದು ದಾರಿ, ರಾತ್ರಿ ಕಾಣುವುದು ಕತ್ತಲು. ಗೋಡೆಯಷ್ಟು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದು, ಉರಿಯದ ಬೀದಿದೀಪ, ಅಡಿಕೆ ಒಣಗಿಸುವ ಕಣ, ಬೋರ್, ಟಿಸಿ (ಕರೆಂಟ್ ಟ್ರಾನ್ಸ್‌ಫಾರ್ಮರ್), ಕುರಿ ರೊಪ್ಪ, ಗಾಡಿ ನಿಲ್ಲಿಸಲು ಜಾಗವಿರುವ ತಿರುವು, ಎಲ್ಲವನ್ನೂ ಗುರುತಿಸಿದೆವು. ಎಲ್ಲರ ಗಮನ ಊರ ಬಾಗಿಲಿನ ಡಾಂಬರು ರಸ್ತೆಯ ಮೇಲಿತ್ತು. ನಕ್ಷೆ ನೋಡಿದಾಗ ಗೊತ್ತಾಗಿದ್ದು ಬೇರೆಯೇ: ತೋಟದ ಸಾಮಾನು ಊರೊಳಗೆ ಬಾರದೆಯೇ ನಾಲೆ ಏರಿ ರಸ್ತೆಯಿಂದ ಹೊರಗೆ ಹೋಗಬಹುದು. ಒಣಗಿದ ಅಡಿಕೆಯ ಒಂದು ಚೀಲ 65–70 ಕೆ.ಜಿ. ತೂಗುತ್ತದೆ. ಅಂಥ ಹತ್ತು ಚೀಲ ತುಂಬಲು ಒಂದು ಪಿಕಪ್ ಗಾಡಿಗೆ ಕೆಲವೇ ನಿಮಿಷ ಸಾಕು.

ಪ್ರತಿ ಬೋರ್ ಮತ್ತು ಕಣಕ್ಕೆ ಹತ್ತಿರದ ಟಿಸಿ ನಂಬರನ್ನೇ ವಿಳಾಸವಾಗಿ ಇಟ್ಟುಕೊಂಡಿದ್ದೇವೆ. ತುರ್ತು ಕರೆಯ 112ಕ್ಕೆ ಫೋನ್ ಮಾಡಿದಾಗ ಫೋನ್ ಎತ್ತುವವರಿಗೆ ನಮ್ಮ ಊರು ಗೊತ್ತಿರಬೇಕೆಂದೇನಿಲ್ಲ, ಅದೇ ಹೆಸರಿನ ಊರು ಪಕ್ಕದ ತಾಲ್ಲೂಕಿನಲ್ಲೂ ಇರಬಹುದು. ಅದಕ್ಕೆ ಹೇಳುವ ಕ್ರಮವನ್ನು ಗಟ್ಟಿ ಮಾಡಿಕೊಂಡೆವು: ಜಿಲ್ಲೆ, ತಾಲ್ಲೂಕು, ಊರು, ಟಿಸಿ ನಂಬರ್, ಅಲ್ಲಿಗೆ ಯಾವ ರಸ್ತೆಯಿಂದ ಬರಬೇಕು. ಏನಾಯಿತು ಎಂಬುದು ಆಮೇಲೆ.

ಮೂರನೇ ವಾರ: ಪುಸ್ತಕದಲ್ಲಿ ಒಂದು ಕಾಲಂ ಕಿತ್ತುಹಾಕಿದ್ದು

ಬೀಟ್ ಪೊಲೀಸರಿಗೆ ತೋರಿಸಲೆಂದು ಇಟ್ಟ ಪುಸ್ತಕದಲ್ಲಿ ಮೊದಲು "ಯಾರ ಮೇಲೆ ಅನುಮಾನ" ಎಂಬ ಕಾಲಂ ಇತ್ತು. ಅದು ದೊಡ್ಡ ತಪ್ಪು. ಅದರಲ್ಲಿ ತುಂಬಿದ್ದೆಲ್ಲ ಬುಡುಬುಡಿಕೆಯವರು, ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವರು, ಕುರಿ ಹಿಂಡಿನೊಂದಿಗೆ ಬಂದವರು, ಕೊಯ್ಲಿಗೆ ಉತ್ತರ ಕರ್ನಾಟಕದಿಂದ ಬಂದ ಕೂಲಿಯವರು. ಇವರಲ್ಲಿ ಯಾರೂ ಏನೂ ಮಾಡಿರಲಿಲ್ಲ, ಊರಿಗೆ ಹೊಸಬರು ಅಷ್ಟೆ. ಬ್ರಿಟಿಷರು 1871ರಲ್ಲಿ ಕಾಯ್ದೆ ತಂದು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಅದು ರದ್ದಾಗಿದ್ದು 1952ರಲ್ಲಿ. ನಮ್ಮ ಪುಸ್ತಕ ಅದೇ ಪಟ್ಟಿಯನ್ನು ಮತ್ತೆ ಬರೆಯುವಂತಾಗಬಾರದು. ಆ ಹಾಳೆಗಳನ್ನು ತೆಗೆದು ಹೊಸ ಕಾಲಂ ಹಾಕಿದೆವು: ಹೊತ್ತು, ಜಾಗ, ಏನು ಮಾಡುತ್ತಿದ್ದರು, ಎಷ್ಟು ಜನ, ಗಾಡಿ, ಯಾವ ಕಡೆ ಹೋದರು, ನೋಡಿದವರು. ಜಾತಿ, ಭಾಷೆ, ಕಸುಬು ಬರೆಯಲು ಜಾಗವೇ ಇಲ್ಲ.

ಬರೆಯುವುದು ಹೇಗೆಂದು ತಿಳಿಸಲು ಎರಡು ಮಾದರಿಗಳನ್ನು ಪುಸ್ತಕದ ರಟ್ಟಿಗೆ ಅಂಟಿಸಿದ್ದೇವೆ.

ಕೆಲಸಕ್ಕೆ ಬಾರದ್ದು: "ಯಾರೋ ಅನುಮಾನಾಸ್ಪದ ವ್ಯಕ್ತಿಗಳು ತೋಟದ ಕಡೆ ಓಡಾಡ್ತಿದಾರೆ, ಎಲ್ಲರೂ ಎಚ್ಚರವಾಗಿರಿ."

ಕೆಲಸಕ್ಕೆ ಬರುವುದು: "ರಾತ್ರಿ 1.20. ಕೆರೆ ಕೋಡಿ ಟಿಸಿ ಹತ್ತಿರ ಬಿಳಿ ಪಿಕಪ್, ಲೈಟ್ ಆರಿಸಿ ನಿಂತಿದೆ. ಇಬ್ಬರು ಇಳಿದರು, ಒಬ್ಬನ ಕೈಯಲ್ಲಿ ಉದ್ದ ಹಿಡಿಯ ಕಟರ್. ನಂಬರಿನ ಕೊನೆಯ ನಾಲ್ಕು ಅಂಕಿ ಓದಲು ಸಿಕ್ಕಿದೆ. ಗಾಡಿಯ ಮುಖ ನಾಲೆ ರಸ್ತೆ ಕಡೆಗಿದೆ."

ಬರೆಯಲೇಬೇಕಾದ ಗುರುತುಗಳನ್ನೂ ಹೇಳಿಕೊಟ್ಟಿದ್ದೇವೆ. ಒಂದೇ ಟಿಸಿಯ ಕರೆಂಟ್ ಹೋಗಿ ಪಕ್ಕದ ಟಿಸಿಯಲ್ಲಿ ಇದ್ದರೆ ಮೊದಲು ಲೈನ್‌ಮನ್‌ಗೋ ವಿದ್ಯುತ್ ಕಂಪನಿ ಬೆಸ್ಕಾಂನ 1912ಕ್ಕೋ ಫೋನ್ ಮಾಡಿ, ಅದು ಅವರೇ ತೆಗೆದದ್ದೇ ಎಂದು ಕೇಳಬೇಕು. ಅಲ್ಲ ಎಂದರೆ ಕೂಡಲೇ 112. ಟಿಸಿ ಬಳಿಗೆ ಮಾತ್ರ ಯಾರೂ ಹೋಗಬಾರದು. ಅದರ ಮೇಲೆ 11,000 ವೋಲ್ಟ್ ಲೈನ್ ಇರುತ್ತದೆ. ಕಳ್ಳರು ಏನನ್ನು ಎಳೆದು ಬಿಟ್ಟಿದ್ದಾರೋ ಕತ್ತಲಲ್ಲಿ ಕಾಣುವುದಿಲ್ಲ, ನೆಲದಲ್ಲಿ ಎಣ್ಣೆ ಚೆಲ್ಲಿದ್ದರಂತೂ ದೂರವೇ ನಿಲ್ಲಬೇಕು. ಇನ್ನೊಂದು ಗುರುತು ವಾಸನೆ. ಕದ್ದ ಕೇಬಲ್‌ನಿಂದ ತಾಮ್ರ ತೆಗೆಯಲು ಮೇಲಿನ ಪ್ಲಾಸ್ಟಿಕ್ ಸುಡುತ್ತಾರೆ. ಕೆರೆ ಅಂಗಳದಲ್ಲೋ ಹಾಳು ಬಿದ್ದ ಇಟ್ಟಿಗೆ ಭಟ್ಟಿಯಲ್ಲೋ ಕಪ್ಪು ಹೊಗೆ, ಮೂಗಿಗೆ ರಾಚುವ ಪ್ಲಾಸ್ಟಿಕ್ ವಾಸನೆ ಬಂದರೆ ಬರೆಯಲೇಬೇಕು.

ಎರಡನೇ ತಿಂಗಳು: ಕ್ಯಾಮೆರಾ

ಹಣ ಹೆಚ್ಚು ಖರ್ಚಾದದ್ದು ಇಲ್ಲೇ, ತಪ್ಪು ಹೆಚ್ಚಾದದ್ದೂ ಇಲ್ಲೇ.

ಪಂಚಾಯ್ತಿ ಅನುಮತಿ ಪಡೆದು ನಮ್ಮದೇ ಕಂಬ ನೆಟ್ಟೆವು. ಬೆಸ್ಕಾಂ ಕಂಬಕ್ಕೆ ಕಟ್ಟುವಂತಿಲ್ಲ. ನಾಲ್ಕು 4 ಮೆಗಾಪಿಕ್ಸೆಲ್ ಕ್ಯಾಮೆರಾ, ಎಲ್ಲಕ್ಕೂ 2.8 ಮಿ.ಮೀ. ಲೆನ್ಸ್. ಅಂಗಡಿಯಲ್ಲಿ ಎಲ್ಲರಿಗೂ ಕೊಡುವುದು ಇದನ್ನೇ, ಅಗಲವಾಗಿ ಕಾಣುತ್ತದೆ, ನೋಡುವವರಿಗೆ ಖುಷಿಯಾಗುತ್ತದೆ. ಆದರೆ 12 ಮೀಟರ್ ದೂರದಲ್ಲಿ ಈ ಲೆನ್ಸ್ ಸುಮಾರು 28 ಮೀಟರ್ ಅಗಲ ತೋರಿಸುತ್ತದೆ. ಚಿತ್ರದ ಅಗಲ 2560 ಪಿಕ್ಸೆಲ್, ಅಂದರೆ ಒಂದು ಮೀಟರಿಗೆ 90ರಷ್ಟು ಪಿಕ್ಸೆಲ್. ಅಪರಿಚಿತನ ಮುಖವನ್ನು ಗುರುತು ಹಿಡಿಯಲು ಮೀಟರಿಗೆ 250 ಬೇಕು. ಲೆಕ್ಕ ಮಾಡದೆ ಕೊಂಡದ್ದರಿಂದ ಗಾಡಿ ಬಂದದ್ದು ಕಾಣುತ್ತಿತ್ತು, ಯಾರ ಗಾಡಿ ಎಂಬುದು ಕಾಣುತ್ತಿರಲಿಲ್ಲ. ಊರ ಬಾಗಿಲಿನ ಒಂದನ್ನು 2.8–12 ಮಿ.ಮೀ. ಹೊಂದಿಸಬಹುದಾದ ಲೆನ್ಸಿನದಕ್ಕೆ ಬದಲಾಯಿಸಿ 12ಕ್ಕೆ ತಿರುಗಿಸಿದೆವು. ಈಗ ಅದೇ ದೂರದಲ್ಲಿ ಆರೂವರೆ ಮೀಟರ್ ಅಗಲ ಮಾತ್ರ ಸಿಗುತ್ತದೆ, ಮೀಟರಿಗೆ ಸುಮಾರು 400 ಪಿಕ್ಸೆಲ್. ಅಗಲಕ್ಕೊಂದು, ನಂಬರಿಗೊಂದು, ಎರಡು ಕ್ಯಾಮೆರಾ ಬೇಕೇ ಬೇಕು.

ಆದರೂ ರಾತ್ರಿ ನಂಬರ್ ಸಿಗಲಿಲ್ಲ. ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಶಟರ್ ವೇಗವನ್ನು 1/25 ಸೆಕೆಂಡಿಗೆ ಇಳಿಸಿಕೊಳ್ಳುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 44 ಸೆಂ.ಮೀ. ಸರಿದಿರುತ್ತದೆ, ಅಂಕಿಗಳೆಲ್ಲ ಕಲಸಿಹೋಗುತ್ತವೆ. ಶಟರನ್ನು 1/500ಕ್ಕೆ ಕಟ್ಟಿಹಾಕಿದರೆ ಸರಿಯುವುದು ಸುಮಾರು 2 ಸೆಂ.ಮೀ. ಆಗ ಉಳಿದ ಚಿತ್ರ ಪೂರ್ತಿ ಕಪ್ಪಾಗುತ್ತದೆ, ನಂಬರ್ ಪ್ಲೇಟ್ ಮಾತ್ರ ಕ್ಯಾಮೆರಾದ ಇನ್ಫ್ರಾರೆಡ್ (ಕಣ್ಣಿಗೆ ಕಾಣದ) ಬೆಳಕಿಗೆ ಹೊಳೆಯುತ್ತದೆ. ನಮಗೆ ಬೇಕಾದದ್ದೂ ಅದೇ. ಕ್ಯಾಮೆರಾವನ್ನು ಬರುವ ಗಾಡಿಗೆ ಎದುರಾಗಿ ಇಡದೆ ಹೋಗುವ ಗಾಡಿಯ ಹಿಂಭಾಗಕ್ಕೆ ತಿರುಗಿಸಿದ್ದರಿಂದ ಹೆಡ್‌ಲೈಟ್ ಹೊಡೆತ ತಪ್ಪಿತು, ಬೈಕುಗಳದ್ದೂ ಸಿಗತೊಡಗಿತು. ರಸ್ತೆಯ ಹಂಪ್ ದಾಟಿದ ಕೂಡಲೇ ಸಿಗುವಂತೆ ಇಟ್ಟರೆ ಇನ್ನೂ ಒಳ್ಳೆಯದು, ಎಲ್ಲ ಗಾಡಿಯೂ ಅಲ್ಲಿ ನಿಧಾನವಾಗುತ್ತದೆ. ಮುಖ ಬೇಕಾದ ಕಡೆ ಕ್ಯಾಮೆರಾ ಮೂರು, ಮೂರೂವರೆ ಮೀಟರ್ ಎತ್ತರದಲ್ಲಿರಬೇಕು. ಕದ್ದಾರೆಂದು ಹೆದರಿ ಆರು ಮೀಟರಿಗೆ ಏರಿಸಿದರೆ ಸಿಗುವುದು ನೆತ್ತಿ ಮಾತ್ರ.

ಜೇಡ ನಮಗೆ ಕೊಟ್ಟಷ್ಟು ಕಾಟವನ್ನು ಬೇರೆ ಯಾವುದೂ ಕೊಡಲಿಲ್ಲ. ಇನ್ಫ್ರಾರೆಡ್ ಬೆಳಕಿಗೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ, ಬಲೆ ಬೆಳಕನ್ನು ವಾಪಸ್ ಹೊಡೆದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಕ್ಯಾಮೆರಾದ ಒಳಗಿನ ಇನ್ಫ್ರಾರೆಡ್ ಆರಿಸಿ, ಒಂದು ಮೀಟರ್ ದೂರದಲ್ಲಿ ಬೇರೆ ಇನ್ಫ್ರಾರೆಡ್ ದೀಪ ಹಾಕಿದ ಮೇಲೆ ತಹಬಂದಿಗೆ ಬಂತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದಂತೂ ತಪ್ಪಿಲ್ಲ. ಇನ್ನೊಂದು ಎಚ್ಚರ: ಇನ್ಫ್ರಾರೆಡ್ ಚಿತ್ರದಲ್ಲಿ ಕೆಲವು ಕಪ್ಪು ಬಟ್ಟೆಗಳು ಬೆಳ್ಳಗೆ ಕಾಣುತ್ತವೆ. ರಾತ್ರಿಯ ವಿಡಿಯೊ ನೋಡಿ ಅಂಗಿಯ ಬಣ್ಣ ಹೇಳಬಾರದು.

ಹಾರ್ಡ್ ಡಿಸ್ಕ್ ಲೆಕ್ಕ ಸುಲಭ. 2 ಎಂಬಿಪಿಎಸ್‌ನಲ್ಲಿ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86.4 ಜಿಬಿ. 2 ಟಿಬಿ ಡಿಸ್ಕ್ ಮೂರು ವಾರ ಇಟ್ಟುಕೊಳ್ಳುತ್ತದೆ. ಎಲ್ಲ ಸೇರಿ ಸುಮಾರು 50 ವ್ಯಾಟ್ ಎಳೆಯುವುದರಿಂದ 150 ಎಎಚ್ ಬ್ಯಾಟರಿಯ ಇನ್ವರ್ಟರ್‌ನಲ್ಲಿ ಇಪ್ಪತ್ತು ಗಂಟೆಯ ಆಸುಪಾಸು ನಡೆಯುತ್ತದೆ. ಯಾವ ಕ್ಯಾಮೆರಾವೂ ಯಾರ ಮನೆಯ ಅಂಗಳವನ್ನೂ ನೋಡುವಂತಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಪರದೆ ತೋರಿಸಿಯೇ ಒಪ್ಪಿಸಿದೆವು, ಕಂಬಕ್ಕೆ ಬೋರ್ಡನ್ನೂ ಹಾಕಿದೆವು.

ಮೂರನೇ ತಿಂಗಳು: ಕೇಬಲ್ ಕತ್ತರಿಸಿದರೆ ಕೂಗುವ ಪೆಟ್ಟಿಗೆ

ಬೋರಿನಿಂದ ಸ್ಟಾರ್ಟರ್‌ವರೆಗಿನ ಕೇಬಲ್ ಜೊತೆಗೆ ಒಂದು ತೆಳು ತಂತಿಯ ಸುತ್ತು ಕಟ್ಟಿ, ಅದು ತುಂಡಾದರೆ ಸೈರನ್ ಕೂಗುವಂತೆ ಮಾಡುವುದು ಲೆಕ್ಕಾಚಾರ. ಬೇಕಾದದ್ದು: 12 ವೋಲ್ಟ್ 7 ಎಎಚ್ ಬ್ಯಾಟರಿ, 12 ವೋಲ್ಟ್ ಸೈರನ್, ಐಆರ್‌ಎಫ್‌ಝಡ್ 44 ಎನ್ ಮಾಸ್‌ಫೆಟ್ (ಕರೆಂಟಿನ ಸ್ವಿಚ್ಚಾಗಿ ಕೆಲಸ ಮಾಡುವ ಬಿಡಿಭಾಗ), ಒಂದು ರೆಸಿಸ್ಟರ್, ತಂತಿ. ರೆಸಿಸ್ಟರ್ ಪ್ಲಸ್‌ನಿಂದ ಮಾಸ್‌ಫೆಟ್‌ನ ಗೇಟಿಗೆ (ಅದನ್ನು ಆನ್, ಆಫ್ ಮಾಡುವ ಕಾಲು), ತಂತಿಯ ಸುತ್ತು ಗೇಟಿನಿಂದ ಮೈನಸ್‌ಗೆ. ಸುತ್ತು ಇರುವವರೆಗೆ ಗೇಟ್ ಸೊನ್ನೆಯಲ್ಲಿರುತ್ತದೆ. ತುಂಡಾದರೆ ಏರುತ್ತದೆ, ಸೈರನ್ ಕೂಗುತ್ತದೆ.

ಮೇಜಿನ ಮೇಲೆ ಸರಿಯಾಗಿ ಕೂಗಿದ್ದು ತೋಟದಲ್ಲಿ ಕೂಗಲಿಲ್ಲ. ಕಾರಣ ಎರಡು. ಬ್ಯಾಟರಿ ಉಳಿಸಲು 100 ಕಿಲೋಓಮ್ ರೆಸಿಸ್ಟರ್ ಹಾಕಿದ್ದೆವು. ನೀರು ಹಾಯಿಸಿದ ಮಣ್ಣಿನಲ್ಲಿ ತುಂಡಾದ ತುದಿಗಳು ಬಿದ್ದರೆ ಒದ್ದೆ ಮಣ್ಣೇ ಕೆಲವು ಕಿಲೋಓಮ್‌ಗಳ ಸೇತುವೆಯಾಗಿ ಗೇಟನ್ನು ಏರಲು ಬಿಡುವುದಿಲ್ಲ. 4.7 ಕಿಲೋಓಮ್‌ಗೆ ಇಳಿಸಿದ ಮೇಲೆ ಒದ್ದೆಯಲ್ಲೂ ಕೂಗಿತು. ದಿನಕ್ಕೆ ಎಳೆಯುವುದು 61 ಮಿಲಿಆಂಪ್ ಅವರ್ ಮಾತ್ರ, ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೆ ಸಾಕು. ಎರಡನೆಯದು, ಹೋಗುವ ಬರುವ ಎರಡೂ ತಂತಿಗೆ ಒಂದೇ ಜೋಡಿ ವೈರ್ ಬಳಸಿದ್ದೆವು. ಕಟರ್ ಅದನ್ನು ಜಜ್ಜಿದಾಗ ಎರಡು ತಾಮ್ರವೂ ಒಂದಕ್ಕೊಂದು ಅಂಟಿ ಸುತ್ತು ಮುಚ್ಚಿಯೇ ಉಳಿಯುತ್ತದೆ. ಈಗ ಬಿಡಿ ತಂತಿಗಳನ್ನು ಕೇಬಲ್‌ನ ಎರಡು ಪಕ್ಕಕ್ಕೆ ಕಟ್ಟುತ್ತಿದ್ದೇವೆ. ಸಿಡಿಲಿಗೆ ಮಾಸ್‌ಫೆಟ್ ಸುಡದಂತೆ ಗೇಟಿಗೆ 15 ವೋಲ್ಟ್ ಝೀನರ್, ಸಾಲಿನಲ್ಲಿ 1 ಕಿಲೋಓಮ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ್ದೇವೆ. ಇಲಿ ಕಡಿದರೂ ಕೂಗುತ್ತದೆ, ಅದಕ್ಕೆ ನೆಲದ ಮೇಲಿನ ಭಾಗವನ್ನು ಪೈಪಿನೊಳಗೆ ಹಾಕಬೇಕು.

ಸೈರನ್ ಎಷ್ಟು ದೂರ ಕೇಳುತ್ತದೆ ಎಂಬುದರಲ್ಲಿ ಭ್ರಮೆ ಬೇಡ. ಒಂದು ಮೀಟರಿನಲ್ಲಿ 110 ಡೆಸಿಬಲ್ ಇದ್ದದ್ದು 500 ಮೀಟರಿಗೆ 56ಕ್ಕೆ ಇಳಿಯುತ್ತದೆ, ನಡುವೆ ಅಡಿಕೆ ಮರಗಳಿದ್ದರೆ ಇನ್ನೂ ಕಡಿಮೆ. ಊರಿನಿಂದ ಅದಕ್ಕಿಂತ ದೂರದ ಬೋರಿಗೆ ಇದನ್ನೊಂದನ್ನೇ ನಂಬಬಾರದು.

ಇದಕ್ಕಿಂತ ಅಗ್ಗದ ಕೆಲಸ ಗುರುತು ಹಾಕುವುದು. ಮೋಟರ್, ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಪ್ರತಿ ಕರೆಂಟ್ ಸಂಪರ್ಕಕ್ಕೆ ಬೆಸ್ಕಾಂ ಕೊಡುವ ಆರ್‌ಆರ್ ನಂಬರ್ ಕೆತ್ತಿಸಿ, ಕೇಬಲ್‌ನ ಮೇಲ್ಪದರದಲ್ಲಿ ಮೀಟರಿಗೊಮ್ಮೆ ಕಾದ ಕಬ್ಬಿಣದಿಂದ ಅದೇ ನಂಬರ್ ಒತ್ತಿದ್ದೇವೆ. ಆಧಾರ್ ನಂಬರ್ ಬೇಡ, ಫೋನ್ ನಂಬರ್ ಬದಲಾಗುತ್ತದೆ. ಆರ್‌ಆರ್ ನಂಬರ್ ಯಾರದೆಂದು ಬೆಸ್ಕಾಂ ಕಡತವೇ ಹೇಳುತ್ತದೆ.

ನಾಲ್ಕನೇ ತಿಂಗಳು: ದೂರು ಮತ್ತು ವದಂತಿ

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಬಂದಿವೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಪೊಲೀಸರು ನೇರವಾಗಿ ಹಿಡಿಯುವ ಅಪರಾಧವಾಗಿ ಉಳಿಯುವುದಿಲ್ಲ. ಅದಕ್ಕೇ ಕೇಬಲ್, ಸ್ಟಾರ್ಟರ್ ಕೊಂಡ ಬಿಲ್ಲಿನ ಫೋಟೊ ಎಲ್ಲರ ಬಳಿಯೂ ಇರಲಿ ಎಂದು ಮನೆಮನೆಗೆ ಹೇಳುತ್ತಿದ್ದೇವೆ.

ವಿಡಿಯೊ ಕೊಡುವಾಗ ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದು ವಾಟ್ಸಾಪ್ ಮಾಡಿದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ರೆಕಾರ್ಡರ್‌ನಿಂದಲೇ ಪೆನ್‌ಡ್ರೈವ್‌ಗೆ ಇಳಿಸಿ, ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಬರೆದು, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಲಗತ್ತಿಸಬೇಕು. ಅದರಲ್ಲಿ ಭಾಗ ಎ ನಾವು ತುಂಬುವುದು, ಭಾಗ ಬಿ ತಜ್ಞರದ್ದು. ರೆಕಾರ್ಡರ್ ಗಡಿಯಾರ ಮುಂದೆ ಹಿಂದೆ ಇದ್ದರೆ ಇಳಿಸುವ ಮುಂಚೆ ತಿದ್ದಬಾರದು, ವ್ಯತ್ಯಾಸ ಎಷ್ಟೆಂದು ಬರೆದು ಕೊಡಬೇಕು.

ಕಳ್ಳತನ ಮಾಡುತ್ತಿರುವಾಗಲೇ ಸಿಕ್ಕವನನ್ನು ಹಿಡಿಯುವ ಅಧಿಕಾರ ಜನರಿಗೂ ಕೆಲವು ಅಪರಾಧಗಳಲ್ಲಿ ಇದೆ, ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ ಅಧಿಕಾರ ಯಾರಿಗೂ ಇಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿ ಜನ ಮುಗಿಬಿದ್ದು, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಕೊಂದರು. ಅವನು ಯಾರ ಮಗುವನ್ನೂ ಕದಿಯಲು ಬಂದವನಲ್ಲ. ಆ ಘಟನೆಯನ್ನು ನಮ್ಮ ಗುಂಪಿನ ಪ್ರತಿ ಸಭೆಯಲ್ಲೂ ನೆನೆಸುತ್ತೇವೆ, ನೆನೆಸಲೇಬೇಕು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕಣ್ಣಾರೆ ನೋಡಿದವರೇ ಬರೆಯಬೇಕು, ಫಾರ್ವರ್ಡ್ ಬಂದ ಸಂದೇಶ ಕೂಡಲೇ ಅಳಿಸಲಾಗುತ್ತದೆ, ಯಾರ ಮುಖದ ಫೋಟೊವನ್ನೂ ಹಾಕುವಂತಿಲ್ಲ. ಫೋಟೊ ಹೋಗಬೇಕಾದದ್ದು ಠಾಣೆಗೆ.

ಬಾಕಿ ಇರುವುದು

ನಾಲೆ ರಸ್ತೆಯಲ್ಲಿ ಕರೆಂಟ್ ಇಲ್ಲ, ಸೋಲಾರ್ 4ಜಿ ಕ್ಯಾಮೆರಾ ಹಾಕಬೇಕು, ಆದರೆ ಅಲ್ಲಿ ಸಿಗ್ನಲ್ ಒಂದೇ ಕಡ್ಡಿ. ಎತ್ತರದ ಆಂಟೆನಾ ಇಟ್ಟು ನೋಡುವುದು ಮುಂದಿನ ವಾರದ ಕೆಲಸ. ಮೂರು ಟಿಸಿಗಳ ನಂಬರ್ ಅಳಿಸಿಹೋಗಿದೆ, ಬರೆಸಿಕೊಡಲು ಬೆಸ್ಕಾಂಗೆ ಅರ್ಜಿ ಕೊಟ್ಟಿದ್ದೇವೆ. ಸುತ್ತಲಿನ ಗುಜರಿ ಅಂಗಡಿಗಳಿಗೆ ಆರ್‌ಆರ್ ನಂಬರ್ ಗುರುತಿನ ಮಾದರಿ ತೋರಿಸಿ ಬರಬೇಕಾಗಿದೆ, ಬೀಟ್ ಪೊಲೀಸರು ಜೊತೆಗೆ ಬರುತ್ತೇವೆ ಎಂದಿದ್ದಾರೆ. ಕುರಿ ರೊಪ್ಪಗಳ ಬಗ್ಗೆ ಇನ್ನೂ ಏನೂ ಆಗಿಲ್ಲ.