ಮಿಲಿಟ್ರಿಯವರು ಹತ್ತಿದ ವಿಮಾನದಲ್ಲಿ ನಮ್ಮ ಕೆಲಸ

ಕಾಸರಗೋಡು ಕಡೆ ವಿಮಾನದಲ್ಲಿ ಕೆಲಸ ಎಂದರೆ ಎಲ್ಲರೂ ಮೊದಲು ಕೇಳುವುದು, "ದುಬೈಗಾ, ದೋಹಾಕ್ಕಾ?" ನನ್ನ ಡ್ಯೂಟಿ ಜಾಸ್ತಿ ಬೀಳುವುದು ಶ್ರೀನಗರ, ಲೇಹ್ ಕಡೆಗೆ. ಬದಿಯಡ್ಕದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯೂ ಈಗ ಕ್ಯಾಬಿನ್ ಕ್ರೂ. "ಅಕ್ಕ, ಮಿಲಿಟ್ರಿಯವರೇ ತುಂಬಿರುವಾಗ ಬೇರೆ ಏನಾದರೂ ಮಾಡಬೇಕಾ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಹೊಸ ಕೆಲಸವೇನಲ್ಲ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನವರನ್ನು ಶ್ರೀನಗರದಲ್ಲಿ ಇಳಿಸಿದ ಡಕೋಟಾಗಳಲ್ಲಿ ಖಾಸಗಿ ಕಂಪೆನಿಗಳ ವಿಮಾನಗಳೂ ಇದ್ದವು. ನಮ್ಮ ಕಾಲದಲ್ಲಿ ಬದಲಾವಣೆ ಬಂದದ್ದು ಪುಲ್ವಾಮಾದ ನಂತರ. 2019ರ ಫೆಬ್ರವರಿ 14ರಂದು ಸಿಆರ್‌ಪಿಎಫ್‌ನ 40 ಮಂದಿ ತೀರಿಕೊಂಡದ್ದು ರಸ್ತೆಯಲ್ಲಿ ಹೋಗುವಾಗ. ಒಂದು ವಾರದೊಳಗೆ ಗೃಹ ಸಚಿವಾಲಯವು ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್‌ಗಳಿಗೂ ದೆಹಲಿ–ಶ್ರೀನಗರ, ಜಮ್ಮು–ಶ್ರೀನಗರ ನಡುವೆ ವಿಮಾನದಲ್ಲಿ ಹೋಗಲು ಒಪ್ಪಿಗೆ ಕೊಟ್ಟಿತು. ರಜೆಗೆ ಊರಿಗೆ ಹೋಗುವಾಗಲೂ ಸೇರಿ.

ಅವಳು ಗೌರವ, ದೇಶಭಕ್ತಿ ಅಂತ ಏನೋ ಹೇಳುತ್ತೇನೆ ಎಂದುಕೊಂಡಿದ್ದಳು. ನಾನು ಶುರು ಮಾಡಿದ್ದು ಬ್ಯಾಗಿನಿಂದ.

1985ರ ಡಿಸೆಂಬರ್ 12ರಂದು ಕೆನಡಾದ ಗ್ಯಾಂಡರ್‌ನಲ್ಲಿ ಆರೋ ಏರ್ ಕಂಪೆನಿಯ ಡಿಸಿ-8 ವಿಮಾನ ಏರುತ್ತಿದ್ದಂತೆಯೇ ಬಿತ್ತು. ಈಜಿಪ್ಟಿನ ಸಿನಾಯ್‌ನಲ್ಲಿ ಶಾಂತಿಪಾಲನೆ ಮುಗಿಸಿ ಕ್ರಿಸ್‌ಮಸ್‌ಗೆ ಮನೆಗೆ ಹೊರಟಿದ್ದ 248 ಅಮೆರಿಕನ್ ಸೈನಿಕರು, 8 ಮಂದಿ ಸಿಬ್ಬಂದಿ. ಯಾರೂ ಉಳಿಯಲಿಲ್ಲ. ಕಾರಣದ ಬಗ್ಗೆ ತನಿಖಾ ಮಂಡಳಿಯೇ ಎರಡಾಯಿತು. ಹೆಚ್ಚಿನವರು ರೆಕ್ಕೆಯ ಮೇಲೆ ಕೂತ ಹಿಮ ಎಂದರು, ಉಳಿದವರು ಒಪ್ಪಲಿಲ್ಲ. ಆದರೆ ವರದಿಯಲ್ಲಿ ಇನ್ನೊಂದು ಮಾತಿದೆ: ಸಿಬ್ಬಂದಿ ಹಾಕಿದ ತೂಕದ ಲೆಕ್ಕ ನಿಜವಾದ ತೂಕಕ್ಕಿಂತ ಸುಮಾರು 6 ಟನ್ ಕಡಿಮೆ ಇತ್ತು. ಸೈನಿಕ ಮತ್ತು ಅವನ ಸಾಮಾನು ಸೇರಿದರೆ ಸಾಮಾನ್ಯ ಪ್ರಯಾಣಿಕನ ಸರಾಸರಿ ತೂಕ ಸಾಲುವುದಿಲ್ಲ, ಅಲ್ವಾ?

ಲೇಹ್‌ನಲ್ಲಿ ಇದು ಇನ್ನೂ ಮುಖ್ಯ. ನಿಲ್ದಾಣ ಇರುವುದೇ 10,600 ಅಡಿಗಿಂತ ಮೇಲೆ. ಗಾಳಿ ತೆಳು, ಎಂಜಿನ್‌ಗೂ ರೆಕ್ಕೆಗೂ ಬಲ ಕಡಿಮೆ. ಹಾಗಾಗಿ ಬಾಗಿಲಲ್ಲಿ ನಿಂತು ನಮಸ್ತೆ ಹೇಳುವಾಗ ನನ್ನ ಕಣ್ಣು ಇರುವುದು ಬೆನ್ನಿನ ಚೀಲದ ಮೇಲೆ. ಪಟ್ಟಿ ಹೆಗಲಿಗೆ ಒತ್ತಿ ಕೂತಿದ್ದರೆ, ಚೀಲ ಸೊಂಟದ ಕೆಳಗೆ ಜೋತುಬಿದ್ದಿದ್ದರೆ, ಅದು ಕ್ಯಾಬಿನ್ ಬ್ಯಾಗ್ ಅಲ್ಲ. "ಸರ್, ಇದನ್ನು ಕೆಳಗೆ ಹಾಕಿಸ್ತೇನೆ" ಎಂದು ಅಲ್ಲೇ ಹೇಳಿ ಗ್ರೌಂಡ್ ಸ್ಟಾಫ್‌ಗೆ ಕೊಡಬೇಕು, ಆಗ ಅದರ ತೂಕವೂ ಲೆಕ್ಕಕ್ಕೆ ಸೇರುತ್ತದೆ. ಪಾಪ, ದೇಶ ಕಾಯುವವರು ಅಂತ ಸುಮ್ನೆ ಬಿಡಬಾರದು. ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು ನಿದ್ದೆ. ಇವರು ಕೂತ ಕೂಡಲೇ ಮಲಗುತ್ತಾರೆ. ಒಮ್ಮೆ ಜೂನಿಯರ್ ಒಬ್ಬಳು ಸೀಟ್ ನೇರ ಮಾಡಿಸಲು ಒಬ್ಬರ ಭುಜ ಮುಟ್ಟಿದಳು. ಅವರು ಕಣ್ಣು ಬಿಡುವ ಮೊದಲೇ ಅವಳ ಮಣಿಕಟ್ಟು ಹಿಡಿದಾಗಿತ್ತು. ಎಚ್ಚರವಾದ ಮೇಲೆ ಇಳಿಯುವವರೆಗೂ "ಸಾರಿ ಬೆಹೆನ್‌ಜಿ" ಎನ್ನುತ್ತಲೇ ಇದ್ದರು. ಒಂದು ಕೈ ದೂರ ನಿಂತು ಕರೆಯಿರಿ. ಪಕ್ಕದಲ್ಲಿ ಅವರದೇ ಜೊತೆಗಾರ ಇದ್ದರೆ ಅವರಿಗೇ ಹೇಳಿ.

ಕಿಟಕಿಯ ವಿಷಯ ಅವಳಿಗೆ ತರಬೇತಿಯಲ್ಲೇ ಗೊತ್ತಾಗಿದೆ. ಬೇರೆಡೆ ಏರುವಾಗ, ಇಳಿಯುವಾಗ ಪರದೆ ತೆಗೆಸುತ್ತೇವೆ. 2025ರ ಮೇ ತಿಂಗಳ ಆದೇಶದಲ್ಲಿ ಪಶ್ಚಿಮ ಗಡಿ ಕಡೆಯ ರಕ್ಷಣಾ ನಿಲ್ದಾಣಗಳಿಗೆ ಉಲ್ಟಾ ಇತ್ತು: 10,000 ಅಡಿಯವರೆಗೆ ಮುಚ್ಚಿರಬೇಕಿತ್ತು, ತುರ್ತು ಬಾಗಿಲಿನ ಸಾಲು ಬಿಟ್ಟು.

ಇನ್ನು ಮೈಕಿನಲ್ಲಿ "ನಮ್ಮ ಜೊತೆ ವೀರ ಯೋಧರಿದ್ದಾರೆ" ಎಂದು ಚಪ್ಪಾಳೆ ತಟ್ಟಿಸುವುದು. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಚಪ್ಪಾಳೆ ಬಿದ್ದಾಗ ಅವರ ಮುಖ ನೋಡಿ ಮಾರಾಯ್ರೆ, ಎಲ್ಲಿ ಅಡಗುವುದು ಎಂದು ಹುಡುಕುತ್ತಿರುತ್ತಾರೆ. ರಜೆ ಮುಗಿಸಿ ವಾಪಸ್ ಹೋಗುವವರಿಗಂತೂ ಬೇಡವೇ ಬೇಡ.

ಒಂದು ಸಲ ಶ್ರೀನಗರದಿಂದ ಬರುವಾಗ ನಮ್ಮ ಊರ ಕಡೆಯ ಮುಳ್ಳೇರಿಯದ ಯೋಧರೊಬ್ಬರು ಸಿಕ್ಕಿದರು. ನನ್ನ ಹಿಂದಿಯಲ್ಲೇ ಊರು ಗೊತ್ತಾಯಿತಂತೆ. "ಮೇಡಂ" ಹೋಗಿ "ಅಕ್ಕ" ಆಯಿತು. ವಿಮಾನ ತಡವಾಗಿತ್ತು. ಅವರು ಕೇಳಿದ್ದು ಒಂದೇ: "ಅಕ್ಕ, ಮಂಗಳೂರು ಫ್ಲೈಟ್ ಸಿಗ್ತದಾ? ತಪ್ಪಿದರೆ ರಜೆಯಲ್ಲಿ ಒಂದು ದಿನ ಹೋಯ್ತು." ಕ್ಯಾಪ್ಟನ್‌ಗೆ ಹೇಳಿ ಗ್ರೌಂಡ್‌ಗೆ ಸುದ್ದಿ ಮುಟ್ಟಿಸಿದೆವು. ಮೈಕಿನಲ್ಲಿ, ಮುಂದಿನ ವಿಮಾನ ಇರುವವರು ಮೊದಲು ಇಳಿಯಲಿ, ಉಳಿದವರು ದಯವಿಟ್ಟು ಕೂತಿರಿ ಎಂದೆ. ಆ ಘೋಷಣೆಯನ್ನು ಎಷ್ಟು ಸಲ ಬೇಕಾದರೂ ಮಾಡು ಎಂದು ಹುಡುಗಿಗೆ ಹೇಳಿದ್ದೇನೆ.