ಸಮುದ್ರದ ತಳಕ್ಕೆ ಇಳಿದಾಗ ಹೆದರಿಕೆಯಾಗಲಿಲ್ಲವೇ?

ರಜೆಯಲ್ಲಿ ಊರಿಗೆ ಬಂದಾಗ, ಬದಿಯಡ್ಕದ ಪೇಟೆಯಲ್ಲಾಗಲಿ ಮದುವೆಯ ಊಟದ ಪಂಕ್ತಿಯಲ್ಲಾಗಲಿ, ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಅಂಟಾರ್ಕ್ಟಿಕಾದ ಸಮುದ್ರದಲ್ಲಿ ಸಬ್‌ಮೆರಿನಿನೊಳಗೆ ಕುಳಿತು ಕೆಳಗೆ ಇಳಿದಾಗ ಹೆದರಿಕೆಯಾಗಲಿಲ್ಲವೇ? 2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೋದ ‘ಟೈಟನ್’ ಎಂಬ ಪುಟ್ಟ ನೌಕೆ ನೀರಿನೊಳಗೆ ನುಚ್ಚುನೂರಾಗಿ ಐವರು ಸತ್ತ ಸುದ್ದಿಯನ್ನು ಇವರೆಲ್ಲ ದಿನಗಟ್ಟಲೆ ಟಿ.ವಿ.ಯಲ್ಲಿ ನೋಡಿದವರು, ಆದ್ದರಿಂದ ಆ ಪ್ರಶ್ನೆಯೊಳಗೆ ‘ನಿನಗೆ ಬುದ್ಧಿ ಇಲ್ಲವೇ’ ಎಂಬ ಇನ್ನೊಂದು ಪ್ರಶ್ನೆಯೂ ಅಡಗಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ, ಪೂರ್ತಿಯಾಗಿ ಇಲ್ಲಿ ಬರೆದಿಡುತ್ತೇನೆ.

ನಾನು ಹಣ ಕೊಟ್ಟು ಹೋದ ಪ್ರವಾಸಿಯಲ್ಲ. ಕಾಸರಗೋಡು ಜಿಲ್ಲೆಯ, ಅದರಲ್ಲೂ ಬೇಕಲ–ಉದುಮ ಭಾಗದ, ಅನೇಕರಂತೆ ನಾನೂ ಹಡಗಿನಲ್ಲಿ ದುಡಿಯುವವನು. ನಾನು ಡೆಕ್ ಕೆಲಸಕ್ಕಿದ್ದದ್ದು ಎಕ್ಸ್‌ಪೆಡಿಷನ್ ಕ್ರೂಸ್ ಎಂಬ ಬಗೆಯ ಹಡಗಿನಲ್ಲಿ. ಇವು ಬಂದರಿನಿಂದ ಬಂದರಿಗೆ ಸಾಗುವ ಬದಲು ಬಂದರೇ ಇಲ್ಲದ ಕಡೆಗೆ ಜನರನ್ನು ಒಯ್ದು, ರಬ್ಬರ್ ದೋಣಿಗಳಲ್ಲಿ ದಡಕ್ಕೆ ಇಳಿಸುತ್ತವೆ. ಅಂಥ ಕೆಲವು ಹಡಗುಗಳು, ಒಬ್ಬ ಚಾಲಕ ಮತ್ತು ಆರು ಪ್ರಯಾಣಿಕರು ಕೂರಬಹುದಾದ, 300 ಮೀಟರ್ ಆಳದವರೆಗೆ ಇಳಿಯಬಲ್ಲ ಪುಟ್ಟ ನೌಕೆಗಳನ್ನು ಹೊತ್ತಿರುತ್ತವೆ. ಅದರ ಸರಿಯಾದ ಹೆಸರು ಸಬ್‌ಮರ್ಸಿಬಲ್. ಊರಿನಲ್ಲಿ ಆ ಹೆಸರು ಹೇಳಿದರೆ ಕೊಳವೆಬಾವಿಯ ಪಂಪು ಎಂದುಕೊಳ್ಳುತ್ತಾರಾದ್ದರಿಂದ ನಾನೂ ಸಬ್‌ಮೆರಿನ್ ಎಂದೇ ಹೇಳುತ್ತೇನೆ. ಪ್ರಯಾಣಿಕರನ್ನು ಕರೆದೊಯ್ಯುವ ಮೊದಲು ಪರೀಕ್ಷೆಗಾಗಿ ಇಳಿಸುವಾಗಲೂ ಅದರ ತೂಕ ಸರಿಯಾಗಿರಬೇಕು. ಜನರಿಲ್ಲದಿದ್ದರೆ ಆ ಜಾಗಕ್ಕೆ ಭಾರ ಹೇರಬೇಕು. ಒಂದು ದಿನ ಆ ಭಾರದ ಬದಲಿಗೆ ನಮ್ಮಲ್ಲಿ ಕೆಲವರನ್ನು ಕೂರಿಸಿಕೊಂಡರು.

ಹೆದರಿಕೆಯಾಯಿತು. ಆದರೆ ಅದು ಆಳದ ಹೆದರಿಕೆಯಾಗಿರಲಿಲ್ಲ, ಉಸಿರಿನದ್ದಾಗಿತ್ತು. ಅದಕ್ಕೆ ಕಾರಣ ನಮ್ಮ ಮನೆಯ ಹಿಂದಿನ ಸುರಂಗ. ನಮ್ಮ ಕಡೆಯ ಸುರಂಗವನ್ನು ಕಾಣದವರಿಗಾಗಿ ಹೇಳುವುದಾದರೆ, ಅದು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ. ಒಬ್ಬ ಮನುಷ್ಯ ನುಸುಳಿ ನಡೆಯುವಷ್ಟೇ ಅಗಲ, ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಅದನ್ನು ತೋಡುವವರು ದೀಪ ಹಿಡಿದು ಒಳಗೆ ಹೋಗುತ್ತಾರೆ, ಬೆಳಕಿಗೆ ಎಷ್ಟೋ ಗಾಳಿಯನ್ನು ಅಳೆಯಲೂ ಅಷ್ಟೇ: ಜ್ವಾಲೆ ಮಂಕಾಯಿತೆಂದರೆ ಹಾರೆಯನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಈ ಪಾಠ ಕೇಳಿ ಬೆಳೆದವನಿಗೆ, ತಲೆಯ ಮೇಲಿನ ಮುಚ್ಚಳವನ್ನು ತಿರುಗಿಸಿ ಭದ್ರಪಡಿಸಿದ ಕ್ಷಣದಲ್ಲಿ, ಇಲ್ಲಿ ದೀಪ ಎಲ್ಲಿದೆ ಎಂಬ ಯೋಚನೆ ಬರುವುದು ಸಹಜ.

ದೀಪವಿರಲಿಲ್ಲ, ಅದರ ಕೆಲಸ ಮಾಡುವ ಮೀಟರುಗಳಿದ್ದವು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ತೀರುವುದಕ್ಕೆ ಮೊದಲೇ ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಅಪಾಯ ತರುತ್ತದೆ. ಆದ್ದರಿಂದ ಆಮ್ಲಜನಕವನ್ನು ಸಿಲಿಂಡರಿನಿಂದ ಸ್ವಲ್ಪಸ್ವಲ್ಪವಾಗಿ ಬಿಡುತ್ತ, ಒಳಗಿನ ಗಾಳಿಯನ್ನು ಒಂದು ಸಣ್ಣ ಫ್ಯಾನಿನ ಮೂಲಕ ಸೋಡಾ ಲೈಮ್ ಹರಳುಗಳ ನಡುವೆ ಹಾಯಿಸುತ್ತಾರೆ. ಸೋಡಾ ಲೈಮ್ ಎಂದರೆ ಬೇರೇನೂ ಅಲ್ಲ, ಅದರ ಬಹುಪಾಲು ನಾವು ವೀಳ್ಯದೆಲೆಗೆ ಸವರುವ ಅರಳಿದ ಸುಣ್ಣವೇ. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಹೀರಿ ಗಟ್ಟಿಯಾಗುವುದು ಇದೇ ಅನಿಲವನ್ನು. ಅಜ್ಜನ ಜತೆ ಸುರಂಗ ತೋಡಿದ ಹಿರಿಯರೊಬ್ಬರು ಮಾತ್ರ ಹೆದರಿಕೆಯ ಮಾತು ತೆಗೆಯದೆ, ‘ಉಸಿರಿಗೆ ಎಂತ ಮಾಡ್ತಾರೆ ಮಾರಾಯ?’ ಎಂದು ಕೇಳಿದ್ದರು. ಸುಣ್ಣ ಎಂದಾಗ ಅವರು ನಂಬಲಿಲ್ಲ, ತಮಾಷೆ ಮಾಡುತ್ತೇನೆಂದುಕೊಂಡರು. ಇಂಥ ನೌಕೆಗಳಲ್ಲಿ ಸಾಮಾನ್ಯವಾಗಿ 96 ಗಂಟೆಗಳಿಗೆ ಸಾಕಾಗುವಷ್ಟು ಉಸಿರಿನ ತುರ್ತು ವ್ಯವಸ್ಥೆ ಇರುತ್ತದೆ. ನಾವು ಕೆಳಗಿದ್ದದ್ದು ಒಂದು ಗಂಟೆಗೂ ಕಡಿಮೆ.

ಇನ್ನು ಟೈಟನ್ ವಿಷಯ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು, ಒತ್ತಡ ಏರುತ್ತದೆ. ಹಾಗಾಗಿ 300 ಮೀಟರಿನಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 31 ಕಿಲೋ ಭಾರವಿದ್ದರೆ, ಟೈಟಾನಿಕ್ ಬಿದ್ದಿರುವ ಸುಮಾರು 3,800 ಮೀಟರಿನಲ್ಲಿ 380 ಕಿಲೋ ದಾಟುತ್ತದೆ. ಟೈಟನ್‌ನ ಒಡಲು ಕಾರ್ಬನ್ ಫೈಬರಿನ ಕೊಳವೆಯಾಕಾರದ್ದು, ಅದನ್ನು ಹಡಗುಗಳ ಭದ್ರತೆಗೆ ಪ್ರಮಾಣಪತ್ರ ಕೊಡುವ ಯಾವ ವರ್ಗೀಕರಣ ಸಂಸ್ಥೆಯೂ ಪರೀಕ್ಷಿಸಿ ಒಪ್ಪಿರಲಿಲ್ಲ. ಆ ದುರಂತವನ್ನು ತಪ್ಪಿಸಬಹುದಿತ್ತೆಂದು ಅಮೆರಿಕದ ಕೋಸ್ಟ್ ಗಾರ್ಡ್ 2025ರ ಆಗಸ್ಟ್‌ನ ವರದಿಯಲ್ಲಿ ಹೇಳಿತು. ನಾವು ಕುಳಿತದ್ದು ದಪ್ಪ ಅಕ್ರಿಲಿಕ್ ಗೋಳದೊಳಗೆ; ಗೋಳವಾದ್ದರಿಂದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಒಳಗಿನ ಗಾಳಿ ಡೆಕ್‌ನ ಮೇಲಿದ್ದಷ್ಟೇ ಒತ್ತಡದಲ್ಲಿರುತ್ತದೆ, ಕಿವಿ ಕೂಡ ನೋಯುವುದಿಲ್ಲ. ವಿದ್ಯುತ್ ಪೂರ್ತಿ ಕೈಕೊಟ್ಟರೂ ಭಾರ ಕಳಚಿಬಿಟ್ಟರೆ ನೌಕೆ ತಾನಾಗಿ ಮೇಲೇರುತ್ತದೆ. ಇಷ್ಟರಿಂದ ಎಲ್ಲ ಪ್ರವಾಸಿ ನೌಕೆಗಳೂ ಸುರಕ್ಷಿತವೆಂದು ಹೇಳಲಾರೆ: 2025ರ ಮಾರ್ಚ್‌ನಲ್ಲಿ ಈಜಿಪ್ಟಿನ ಹುರ್ಗಡಾದಲ್ಲಿ ದಡದ ಸಮೀಪವೇ ಒಂದು ಪ್ರವಾಸಿ ಸಬ್‌ಮೆರಿನ್ ಮುಳುಗಿ ಆರು ಮಂದಿ ಸತ್ತರು. ಹೋಗುವವರು ಟಿಕೆಟಿನ ಬೆಲೆಗಿಂತ ಮೊದಲು, ನೌಕೆಯನ್ನು ಯಾವ ಸಂಸ್ಥೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿದೆಯೆಂದು ಕೇಳುವುದು ಒಳ್ಳೆಯದು. ಒಳಗೆ ಶೌಚಾಲಯ ಇಲ್ಲವೆಂಬುದನ್ನೂ ನೆನಪಿನಲ್ಲಿಟ್ಟುಕೊಂಡು ಬೆಳಗಿನ ಚಹಾ ಬಿಡಬೇಕು.

ನೀರು ಗೋಳವನ್ನು ಮುಚ್ಚಿದೊಡನೆ ಅಕ್ರಿಲಿಕ್ ಕಣ್ಣಿಗೆ ಕಾಣದಂತಾಯಿತು. ಬೆಳಕನ್ನು ಬಾಗಿಸುವುದರಲ್ಲಿ ಗಾಜಿನಂಥ ಆ ಗೋಡೆಗೂ ನೀರಿಗೂ ಹೆಚ್ಚು ವ್ಯತ್ಯಾಸವಿಲ್ಲ. ನನ್ನ ಕೈ ತಾನಾಗಿ ಮುಂದಕ್ಕೆ ಹೋಗಿ ತಣ್ಣನೆಯ ಗೋಡೆ ಮುಟ್ಟಿ, ಇದೆ ಎಂದು ಖಚಿತಪಡಿಸಿಕೊಂಡಿತು. ಮೇಲಿನ ನೀರು ಬೇಸಿಗೆಯ ಸೂಕ್ಷ್ಮ ಪಾಚಿಯಿಂದ ಕೆರೆಯ ನೀರಿನಂತೆ ಹಸಿರಾಗಿತ್ತು. ಅದನ್ನು ದಾಟಿದ ಮೇಲೆ ಬಣ್ಣಗಳು ಒಂದೊಂದಾಗಿ ಅಳಿದವು, ಮೊದಲು ಕೆಂಪು. ಪಕ್ಕದವನ ಕೆಂಪು ಜಾಕೆಟ್ ಕರಿಬೂದು ಬಣ್ಣಕ್ಕೆ ತಿರುಗಿತು. ಸುಮಾರು 120 ಮೀಟರಿನಲ್ಲಿ ತಳ ಸಿಕ್ಕಾಗ ಚಾಲಕ ದೀಪ ಹಾಕಿದ. ಮೆತ್ತನೆಯ ಕೆಸರಿನ ಮೇಲೆ ಅಲ್ಲೊಂದು ಇಲ್ಲೊಂದು ಬಂಡೆ. ಅವು ಆ ನೆಲದವಲ್ಲ, ಹಿಮಬಂಡೆಗಳು ದೂರದಿಂದ ಹೊತ್ತು ತಂದು, ಕರಗುವಾಗ ಉದುರಿಸಿದವು. ಒಂದೊಂದು ಬಂಡೆಯ ಮೇಲೂ ಸ್ಪಂಜುಗಳು, ಹೂವಿನಂತೆ ಅರಳಿದ ಅನಿಮೋನಿಗಳು, ಹತ್ತಾರು ತೋಳುಗಳ ನಕ್ಷತ್ರಮೀನು. ಬೆಳಕಿಗೆ ಮುತ್ತಿದ, ಸಿಗಡಿಯಂಥ ಪುಟ್ಟ ಕ್ರಿಲ್‌ಗಳು ಮಳೆಗಾಲದ ದೀಪದ ಹುಳುಗಳನ್ನು ನೆನಪಿಸಿದವು. ಇಂಥ ಪ್ರವಾಸಿ ನೌಕೆಗಳಿಂದಲೇ 2022ರಲ್ಲಿ, ತೋಳುಗಳು 10 ಮೀಟರಿಗೂ ಉದ್ದ ಬೆಳೆಯುವ ‘ಫ್ಯಾಂಟಮ್’ ಎಂಬ ಅಪರೂಪದ ಲೋಳೆಮೀನನ್ನು (ಜೆಲ್ಲಿಫಿಶ್) ಆ ಸಮುದ್ರದಲ್ಲಿ ಕಂಡು, ಮರುವರ್ಷ ವಿಜ್ಞಾನ ಪತ್ರಿಕೆಯಲ್ಲಿ ದಾಖಲಿಸಿದರು. ನಮಗೆ ಅದು ಕಾಣಿಸಲಿಲ್ಲ.

ರೇಡಿಯೋ ಅಲೆಗಳು ಉಪ್ಪುನೀರಿನಲ್ಲಿ ಸಾಗವು. ಮೇಲಿನ ದೋಣಿಯ ಮಾತು ಶಬ್ದದ ಅಲೆಗಳ ಮೂಲಕ, ಬಾವಿಯೊಳಗಿಂದ ಯಾರೋ ಕರೆದಂತೆ, ಎಳೆದೆಳೆದು ಕೇಳುತ್ತಿತ್ತು. ಆ ಸ್ವರ ಸಮುದ್ರದ ಮೇಲೆ ಗಾಳಿ ಏರುತ್ತಿದೆ ಎಂದಿತು, ನಾವು ಮೇಲೆ ಬಂದೆವು. ಮುಚ್ಚಳ ತೆರೆದಾಗ ಮೊದಲ ಉಸಿರಿನ ಜತೆ ಮೂಗಿಗೆ ಬಂದದ್ದು ದಡದ ಪೆಂಗ್ವಿನ್ ಹಿಕ್ಕೆಯ ನಾತ.

ಮರುದಿನವೂ ಗಾಳಿ ಇಳಿಯಲಿಲ್ಲ, ಆ ಕೊಲ್ಲಿಗೆ ಮಂಜುಗಡ್ಡೆಯೂ ನುಗ್ಗಿತು. ಹಣ ಕಟ್ಟಿ ಕಾದಿದ್ದ ಪ್ರಯಾಣಿಕರ ಸರದಿಯೆಲ್ಲ ರದ್ದಾಯಿತು. ಭಾರದ ಬದಲಿಗೆ ಹೋಗಿಬಂದ ನಮ್ಮನ್ನು ಅವರು ಡೆಕ್‌ನಲ್ಲಿ ತಡೆದು ನಿಲ್ಲಿಸಿ, ಏನೇನು ಕಂಡಿರಿ ಎಂದು ವಿಚಾರಿಸಿದರು. ಹೆದರಿಕೆಯಾಯಿತೇ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.